ಭಂಡಾರದ ಹಣ, ದಡದ ಕಾಯಕ

ದಡದ ನಿರ್ವಹಣೆ ಎಂದೊಡನೆ ಕರ್ನಾಟಕದ ಓದುಗರಿಗೆ ನೆನಪಾಗುವುದು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಸುಮಾರು 320 ಕಿಲೋಮೀಟರ್ ಉದ್ದದ ಕಡಲತೀರ, ಅಲ್ಲಿನ ಕಡಲ್ಕೊರೆತ, ಅದನ್ನು ತಡೆಯಲು ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನಡೆದ ಕಾಮಗಾರಿ. ಆದರೆ ಕಡಲ ಗಾಳಿಯೂ ತಾಗದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಿಗೂ ದಡಗಳಿವೆ. ಇಂಡಿ, ಸಿಂದಗಿಗಳ ಅಂಚನ್ನು ಭೀಮಾ ನದಿ ಸವರಿಕೊಂಡು ಹೋಗುತ್ತದೆ; ಬಾಗೇವಾಡಿ, ಮುದ್ದೇಬಿಹಾಳಗಳ ತೆಂಕಣ ಮೇರೆಯಲ್ಲಿ ಕೃಷ್ಣೆಯಿದೆ; ನಡುವಿನ ಎರೆಭೂಮಿಯನ್ನು ಸೀಳಿಕೊಂಡು ಡೋಣಿ ಹರಿಯುತ್ತದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿಂದೆ ಮತ್ತು ಅದರ ಕೆಳಗಿನ ನಾರಾಯಣಪುರದ ಬಸವಸಾಗರದ ಹಿಂದೆ ನಿಂತ ನೀರು, ಎಂದರೆ ಜನ ಹಿನ್ನೀರು ಎಂದು ಕರೆಯುವ ಜಲರಾಶಿ, ಹಿಂದೆ ಹೊಲಗಳಿದ್ದಲ್ಲಿ ಹೊಸ ತೀರಗಳನ್ನೇ ಉಂಟುಮಾಡಿದೆ. ಈ ದಡಗಳಲ್ಲಿ ಮಣ್ಣು ಕುಸಿಯುತ್ತದೆ, ಮರಳು ಲೂಟಿಯಾಗುತ್ತದೆ, ಹೂಳು ತುಂಬುತ್ತದೆ; ಇವುಗಳನ್ನು ಸರಿಪಡಿಸಲು ಸರ್ಕಾರದಿಂದ ಅನುದಾನ ಬರುತ್ತದೆ, ಖರ್ಚಾಗುತ್ತದೆ, ಮುಗಿಯುತ್ತದೆ. ಆ ಹಣದಿಂದ ನಡೆಯುವ ಕೆಲಸ ಧರ್ಮದ ದೃಷ್ಟಿಯಲ್ಲಿ ಏನು, ಅದರ ಪುಣ್ಯ ಯಾರದು, ಹೊಣೆ ಯಾರದು, ಅದು ಶರಣರು ಹೇಳಿದ ಅರ್ಥದಲ್ಲಿ ಕಾಯಕ ಎನಿಸಿಕೊಳ್ಳಬಲ್ಲದೇ ಎಂಬ ಪ್ರಶ್ನೆಯನ್ನು ಬಸವಣ್ಣನ ಜನ್ಮಸ್ಥಳವಿರುವ ಈ ನೆಲದಲ್ಲಿ ಕೇಳದಿದ್ದರೆ ಬೇರೆಲ್ಲಿಯೂ ಕೇಳಲಾಗದು.

ಕಡಲತೀರಕ್ಕೆ ಕಾನೂನಿನ ಒಂದು ಗೆರೆಯಿದೆ. 1991ರ ಫೆಬ್ರುವರಿಯಲ್ಲಿ ಮೊದಲು ಹೊರಬಂದು 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಭರತದ ನೀರು ಮುಟ್ಟುವ ಅತಿ ಎತ್ತರದ ರೇಖೆಯಿಂದ ಅಳೆದು, ಎಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದನ್ನು ಹೇಳುತ್ತದೆ. ಒಳನಾಡಿನ ಜಲಾಶಯದ ದಡಕ್ಕೆ ಈ ಅಧಿಸೂಚನೆ ಅನ್ವಯಿಸುವುದಿಲ್ಲ. ಜೌಗುಪ್ರದೇಶಗಳನ್ನು ರಕ್ಷಿಸಲೆಂದು 2017ರಲ್ಲಿ ಬಂದ ಕೇಂದ್ರದ ನಿಯಮಗಳು ಕೂಡ ನದಿಯ ಪಾತ್ರವನ್ನೂ, ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಚಳಿಗಾಲದಲ್ಲಿ ರಾಜಹಂಸಗಳೂ ಪಟ್ಟೆತಲೆಯ ಬಾತುಗಳೂ ಬಂದಿಳಿಯುವ ಆಲಮಟ್ಟಿಯ ಹಿನ್ನೀರು ಹೀಗೆ ಎರಡು ರಕ್ಷಣೆಗಳ ನಡುವಿನ ಸಂದಿಗೆ ಬಿದ್ದಿದೆ. ಕಾನೂನು ಗೆರೆ ಎಳೆಯದ ಕಡೆ ದಡವನ್ನು ಕಾಯುವುದು ಒಂದೋ ಲೋಭವಿಲ್ಲದ ಮನಸ್ಸು, ಇಲ್ಲವೇ ಯೋಜನೆಯ ಹಣ. ಮೊದಲನೆಯದು ವಿರಳ, ಎರಡನೆಯದು ಅನಿಶ್ಚಿತ.

ಅನುದಾನವೆಂದರೆ ಮರಳಿ ಕೊಡಬೇಕಿಲ್ಲದ, ಆದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದ ಸಾರ್ವಜನಿಕ ಹಣ. ಕೇಂದ್ರದ ಹಣಕಾಸು ನಿಯಮಗಳ ಪ್ರಕಾರ ಅದನ್ನು ಪಡೆದ ಸಂಸ್ಥೆ ಖರ್ಚಿನ ನಂತರ ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಬೇಕು, ಉಳಿದದ್ದನ್ನು ಹಿಂದಿರುಗಿಸಬೇಕು, ಬ್ಯಾಂಕಿನಲ್ಲಿ ಅದು ಗಳಿಸಿದ ಬಡ್ಡಿಯನ್ನೂ ಸರ್ಕಾರದ ಖಾತೆಗೆ ಕಟ್ಟಬೇಕು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಕೊನೆಗೊಳ್ಳುವುದರಿಂದ ಆ ತಿಂಗಳಲ್ಲಿ ಒಡ್ಡುಗಳೂ ತಡೆಗೋಡೆಗಳೂ ಅವಸರದಲ್ಲಿ ಏಳುವುದು ಜಿಲ್ಲೆಯ ಜನರಿಗೆ ಹೊಸದಲ್ಲ. ಕೆಲಸದ ಹಂಚಿಕೆಗೂ ತನ್ನದೇ ಅಳತೆಯಿದೆ: 40 ಹೆಕ್ಟೇರಿನವರೆಗಿನ ಅಚ್ಚುಕಟ್ಟುಳ್ಳ ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಆಲಮಟ್ಟಿಯ ನೀರು ಮತ್ತು ಅದರ ಕಾಲುವೆಗಳು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ. 2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಯೋಜನೆ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿಯಿಟ್ಟು, ಒಂದು ಎಕರೆಗೆ ಕಡಿಮೆಯಿಲ್ಲದ ವಿಸ್ತೀರ್ಣ ಮತ್ತು ಸುಮಾರು 10,000 ಘನ ಮೀಟರ್ ನೀರು ಹಿಡಿಯುವ ಸಾಮರ್ಥ್ಯವನ್ನು ಕೇಳಿತು. ಈ ಅಳತೆಗಳೆಲ್ಲ ಕಟ್ಟುವ ಕೆಲಸದ ಅಳತೆಗಳು. ಕಟ್ಟಿದ್ದನ್ನು ಹತ್ತು ವರ್ಷ ಕಾಪಾಡಿದ್ದಕ್ಕೆ ಯಾವ ನಮೂನೆಯಲ್ಲಿಯೂ ಒಂದು ಕಲಮು ಸಿಗುವುದು ಕಷ್ಟ, ಮತ್ತು ಈ ಪ್ರಬಂಧದ ತಕರಾರು ಇರುವುದೂ ಅಲ್ಲಿಯೇ.

ಮೊದಲು ಬಿಡಿಸಬೇಕಾದ ಗಂಟು, ಈ ಹಣ ದಾನವೇ ಎಂಬುದು. ಫಲಕಗಳ ಮೇಲಿನ ಹೆಸರುಗಳನ್ನೂ ಉದ್ಘಾಟನೆಯ ಹಾರಗಳನ್ನೂ ನೋಡಿದರೆ ಯಾರೋ ದಾನಿಯಿದ್ದಾನೆ, ಊರು ಕೈಯೊಡ್ಡಿದೆ ಎಂಬ ಭಾವನೆ ಬರುತ್ತದೆ. ಆದರೆ ದಾನವಾಗಬೇಕಾದರೆ ಕೊಡುವವನಿಗೆ ಆ ವಸ್ತುವಿನ ಮೇಲೆ ಸ್ವಾಮ್ಯವಿರಬೇಕು. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಸಿದ್ಧವಾದ ರೋಮನ್ ಕಾನೂನಿನ ಪಠ್ಯವು ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಸಮುದ್ರದ ದಡ ಇವು ಸಹಜವಾಗಿಯೇ ಎಲ್ಲರಿಗೂ ಸೇರಿದವು ಎಂದು ಎಣಿಸಿತ್ತು. ಆ ವಿಚಾರ ಹಲವು ದೇಶಗಳ ನ್ಯಾಯಾಲಯಗಳನ್ನು ಹಾದು ಭಾರತಕ್ಕೂ ಬಂತು. ಹಿಮಾಚಲದ ಬಿಯಾಸ್ ನದಿಯ ದಡವನ್ನು ಒಂದು ಹೋಟೆಲಿಗಾಗಿ ಬಳಸಿಕೊಂಡ ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನದಿ, ದಡ, ಅರಣ್ಯಗಳಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಅವನ್ನು ಹಿಡಿದುಕೊಂಡಿರುವ ಧರ್ಮದರ್ಶಿ ಮಾತ್ರ ಎಂಬ ಸಾರ್ವಜನಿಕ ನ್ಯಾಸದ ತತ್ತ್ವವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಭಂಡಾರದ ಹಣ ಜನರದು, ದಡವೂ ಜನರದು ಎಂದಾದ ಮೇಲೆ ಅನುದಾನವು ಧರ್ಮದರ್ಶಿಯು ಒಡೆಯರ ಹಣವನ್ನು ಒಡೆಯರ ಆಸ್ತಿಗೆ ವಿನಿಯೋಗಿಸುವ ಕ್ರಿಯೆಯಾಗುತ್ತದೆ. ಅಲ್ಲಿ ಕೃತಜ್ಞತೆಗೆ ಎಡೆಯಿಲ್ಲ, ಲೆಕ್ಕಕ್ಕೆ ಎಡೆಯಿದೆ. ಹಾಗೆಂದು ಊರಿನ ಹೊಣೆ ಹಗುರವಾಗುವುದಿಲ್ಲ. ದಾನ ಪಡೆದವನಿಗೆ ಋಣವೊಂದೇ ಇರುತ್ತದೆ, ಒಡೆಯನಿಗೆ ಕಾವಲಿನ ಕರ್ತವ್ಯವೂ ಇರುತ್ತದೆ.

ಕಾವಲಿಗೆ ಹಣವನ್ನು ಹೇಗೆ ಕಟ್ಟಿಡಬೇಕೆಂಬುದನ್ನು ಈ ತಾಲ್ಲೂಕುಗಳ ಹಳೆಯ ಜನ ಅರಿಯದವರಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿರುವ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಶಕ 867ರ, ಅಂದರೆ ಕ್ರಿ.ಶ. 945ರ ಕಂಬದ ಶಾಸನವು ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯೊಂದನ್ನು ಕುರಿತದ್ದು. ನೀರಿಗೆ ಸಂಬಂಧಿಸಿದ್ದಲ್ಲವಾದರೂ ಅದರ ಏರ್ಪಾಟು ಗಮನಾರ್ಹ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ, ಶಾಲೆ ನಡೆಯುವುದಕ್ಕೆ 500 ನಿವರ್ತನ ಭೂಮಿಯನ್ನೂ ಬಿಟ್ಟದ್ದು ಸರಿಯೇ. ದೀಪದ ಎಣ್ಣೆಗೆಂದೇ ಬೇರೆಯಾಗಿ 12 ನಿವರ್ತನಗಳನ್ನು ಬಿಡಲಾಯಿತು. ನಿವರ್ತನವೆಂಬುದು ಆ ಕಾಲದ ಒಂದು ಭೂ ಅಳತೆ. ಅಷ್ಟಲ್ಲದೆ ಊರಿನ ಕುಟುಂಬಗಳು ತಮ್ಮಲ್ಲಿ ಮದುವೆ, ಉಪನಯನ, ಚೌಲಗಳಾದಾಗ ಕ್ರಮವಾಗಿ ಇಳಿಯುತ್ತ ಹೋಗುವ ಮೊತ್ತದ ವಂತಿಗೆಯನ್ನು ಕೊಡುವ ಕಟ್ಟಳೆಯೂ ಇತ್ತು. ರಾಜಾಶ್ರಯದ ದೊಡ್ಡ ಗಂಟಿನ ಜೊತೆಗೆ ಊರಿನ ಸಣ್ಣ, ಮುಗಿಯದ ವಂತಿಗೆಯನ್ನು ಹೆಣೆದ ರೀತಿ ಇದು. ಕನ್ನಡ ನಾಡಿನ ಕೆರೆಗಳ ಶಾಸನಗಳಲ್ಲಿ ಇದೇ ವಿವೇಕ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಕಾಣುತ್ತದೆ: ಕೆರೆಯ ಕೆಳಗಿನ ಭೂಮಿಯನ್ನೋ ಬೆಳೆಯ ಪಾಲನ್ನೋ ಅದರ ದುರಸ್ತಿಗೆ, ಹೂಳೆತ್ತುವುದಕ್ಕೆ ಶಾಶ್ವತವಾಗಿ ಮೀಸಲಿಡುವುದು. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವೂ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಮೇಲೆಂಬ ಮಾತನ್ನು ಹೇಳಿ, ಅಳಿದವನ ತಲೆಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಕಟ್ಟುತ್ತದೆ. ಇಂದಿನ ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಅಷ್ಟು ಭಯ ಹುಟ್ಟಿಸುವ ಶಕ್ತಿಯಿಲ್ಲ.

ಪಾಲನೆಯನ್ನು ಹೀಗೆ ಪುಣ್ಯದ ಭಾಷೆಯಲ್ಲಿ ಹೇಳುವ ಪರಂಪರೆಯನ್ನೇ ಹನ್ನೆರಡನೆಯ ಶತಮಾನದಲ್ಲಿ ಒಬ್ಬನು ಕೆಣಕಿದ. ಇಂಡಿಯ ಮೇರೆಯ ಭೀಮೆಯನ್ನು ದಾಟಿದರೆ ಸಿಗುವ ಸೊಲ್ಲಾಪುರ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮನು ಗುಡಿಗಳನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸುತ್ತಿದ್ದ. ಆ ಕೆರೆ ಇಂದಿಗೂ ಊರ ನಡುವೆ ಇದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿ, ಮುಂದೆ ಗೂಳೂರು ಸಿದ್ಧವೀರಣ್ಣನವರೆಗೆ ಹಲವರು ಪರಿಷ್ಕರಿಸಿದ ಶೂನ್ಯಸಂಪಾದನೆ, ಎಂದರೆ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಗ್ರಂಥ, ಅಲ್ಲಮಪ್ರಭು ಆ ಕೆರೆಯ ದಡಕ್ಕೆ ಬಂದ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಅಲ್ಲಮ ಬಂದವನೇ ಮಣ್ಣು ಹೊರುತ್ತಿದ್ದವರನ್ನು ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳುತ್ತಾನೆ. ಗುರುವನ್ನು ಹೀಗಳೆದನೆಂದು ಕೆಲಸಗಾರರು ಕಲ್ಲು ಬೀರುತ್ತಾರೆ. ಕೊನೆಗೆ ಸಿದ್ಧರಾಮನೇ ಎದುರಾದಾಗ ನಡೆಯುವ ವಾದದ ತಿರುಳು, ಕೆರೆ ಕಟ್ಟಿಸಿದೆನೆಂಬ ಭಾವ ಉಳಿದಿರುವವರೆಗೆ ಕೆರೆಯು ಕಟ್ಟಿಸಿದವನಿಗೆ ಬಂಧನವೇ ಆಗುತ್ತದೆ ಎಂಬುದು.

ಅಲ್ಲಮನನ್ನು ಸಾರ್ವಜನಿಕ ಕಾಮಗಾರಿಯ ವಿರೋಧಿಯೆಂದು ಓದುವುದುಂಟು. ಅಂತರಂಗದ ಅರಿವಿನ ಮುಂದೆ ಹೊರಗಿನ ಕೆಲಸ ನಿರರ್ಥಕವೆಂದು ಅವನು ಸಾರಿದನೆಂಬ ಅರ್ಥವನ್ನು ಕೆಲವರು ಹೊರಡಿಸುತ್ತಾರೆ. ಈ ಓದು ಸಾಲದು. ಆ ಭೇಟಿಯ ನಂತರ ಕೆರೆಯನ್ನು ಒಡೆದು ಹಾಕಲಿಲ್ಲ, ಸಿದ್ಧರಾಮನು ನಿಷ್ಕ್ರಿಯನಾಗಲೂ ಇಲ್ಲ; ಅವನು ಕಲ್ಯಾಣಕ್ಕೆ ಹೋಗಿ ಶರಣರ ನಡುವೆ ಸೇರಿದ, ಸೊನ್ನಲಿಗೆಯ ಯೋಗಿಯೆಂದೇ ಜನಮನದಲ್ಲಿ ಉಳಿದ. ಬದಲಾದದ್ದು ಕೆಲಸಕ್ಕೂ ಕೆಲಸ ಮಾಡಿದವನಿಗೂ ನಡುವಿನ ಸಂಬಂಧ. ಅಲ್ಲಮ ಬೇಡವೆಂದದ್ದು ಕೆರೆಯನ್ನಲ್ಲ, ಕೆರೆಗೆ ಅಂಟಿದ ಕರ್ತೃತ್ವವನ್ನು, ಅಂದರೆ ಇದು ನನ್ನಿಂದಾಯಿತು, ಇದರ ಫಲ ನನಗೆ ಸಲ್ಲಬೇಕು ಎಂಬ ಭಾವವನ್ನು. ಈ ಭೇದವನ್ನು ಇಂದಿನ ದಡದ ಯೋಜನೆಗಳಿಗೆ ತಂದು ನೋಡಿದರೆ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ: ಕಟ್ಟುವ ಗಳಿಗೆಯಲ್ಲಿ ಕರ್ತೃಗಳು ಹಲವರು, ಕಲ್ಲಿನ ಫಲಕದಲ್ಲಿ ಜಾಗ ಸಾಲದು, ಐದು ವರ್ಷಗಳ ಮೇಲೆ ಪಿಚಿಂಗ್ ಕಲ್ಲು ಜಾರಿ ದಡ ಕುಸಿದಾಗ ಕರ್ತೃವೇ ಇಲ್ಲ. ಫಲಾಪೇಕ್ಷೆಯಿದ್ದಲ್ಲಿ ಕರ್ತೃತ್ವ, ಹೊಣೆಯಿದ್ದಲ್ಲಿ ಶೂನ್ಯ. ಅಲ್ಲಮ ಬಯಸಿದ್ದು ಇದರ ನೇರ ತಿರುವುಮುರುವು.

ಆದರೂ ಅಲ್ಲಮನ ತತ್ತ್ವ ಒಂದರಿಂದಲೇ ದಡವನ್ನು ನಿರ್ವಹಿಸಲಾಗದು. ಹಣದ ಪ್ರಶ್ನೆಗೆ ಅವನು ಕೈ ಹಾಕುವುದಿಲ್ಲ. ಅದಕ್ಕೆ ಕೈ ಹಾಕಿದವನು ವಿಜಯಪುರ ಸೀಮೆಯ ಶಿವಣಗಿಯಲ್ಲಿ ಹುಟ್ಟಿದನೆಂದು ಹೇಳಲಾಗುವ ನುಲಿಯ ಚಂದಯ್ಯ. ಕೆರೆಯಂಚಿನ ಹುಲ್ಲನ್ನು ಕೊಯ್ದು, ಹೊಸೆದು ಹಗ್ಗ ಮಾಡಿ ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುವುದು ಅವನ ಕಾಯಕ. ಕಾಯಕವೆಂದರೆ ದೇಹಶ್ರಮದಿಂದ, ಶುದ್ಧ ಮನಸ್ಸಿನಿಂದ ಮಾಡುವ ದುಡಿಮೆ. ದಾಸೋಹವೆಂದರೆ ಆ ದುಡಿಮೆಯ ಫಲವನ್ನು ಕೊಟ್ಟೆನೆಂಬ ಹಮ್ಮಿಲ್ಲದೆ ಸಮುದಾಯಕ್ಕೆ ಒಪ್ಪಿಸುವುದು. ಪರಂಪರೆಯ ಕಥೆಯಂತೆ ಒಮ್ಮೆ ಹುಲ್ಲು ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತು. ಚಂದಯ್ಯ ಅದನ್ನು ಹುಡುಕಲಿಲ್ಲ, ಕೆಲಸ ಬಿಡಲಿಲ್ಲ. ಲಿಂಗವೇ ಹಿಂಬಾಲಿಸಿ ಬಂದು ತನ್ನನ್ನು ಸ್ವೀಕರಿಸೆಂದಾಗಲೂ ಒಪ್ಪಲಿಲ್ಲ. ಮಡಿವಾಳ ಮಾಚಯ್ಯನು ನಡುವೆ ಬಂದು ತಿಳಿಹೇಳಿದ ಮೇಲೆ, ಲಿಂಗವೂ ಕಾಯಕ ಮಾಡಲಿ, ಹಗ್ಗ ಮಾರಿಕೊಂಡು ಬರಲಿ ಎಂಬ ಕರಾರಿನ ಮೇಲೆ ಒಪ್ಪಿದ. ಲಿಂಗವು ಹಗ್ಗವನ್ನು ಬಸವಣ್ಣನಿಗೆ ಮಾರಿ, ಅವನು ಭಕ್ತಿಯಿಂದ ಕೊಟ್ಟ ಹೆಚ್ಚಿನ ಹೊನ್ನನ್ನು ತಂದಿತು. ಹಗ್ಗದ ಸಹಜ ಬೆಲೆಗಿಂತ ಮೀರಿದ್ದು ತನಗೆ ಸಲ್ಲದೆಂದು ಚಂದಯ್ಯ ಅದನ್ನು ನಿರಾಕರಿಸಿದ.

ನೀರಂಚಿನ ಹುಲ್ಲು, ಅದನ್ನು ನಂಬಿದ ದುಡಿಮೆ, ಭಂಡಾರಿಯ ಕೈಯಿಂದ ಬಂದ ಹೊನ್ನು, ಅದನ್ನು ತಿರಸ್ಕರಿಸುವ ಲೆಕ್ಕ: ಈ ಕಥೆಯಲ್ಲಿ ದಡದ ಅನುದಾನದ ಎಲ್ಲ ಪಾತ್ರಗಳೂ ಸೇರಿಬಿಟ್ಟಿವೆ. ಬಸವಣ್ಣನ ಉದ್ದೇಶ ಒಳ್ಳೆಯದೇ ಆಗಿತ್ತು, ಪಡೆಯುವವನೂ ಅರ್ಹನೇ ಆಗಿದ್ದ. ಆದರೂ ಕೆಲಸದ ಅಳತೆಯನ್ನು ಮೀರಿದ ಹಣ ಕೆಲಸವನ್ನು ಕೆಡಿಸುತ್ತದೆ ಎಂಬುದು ಚಂದಯ್ಯನ ನಿಲುವು. ಅಂದಾಜುಪಟ್ಟಿಯನ್ನು ಉಬ್ಬಿಸುವ ಗುತ್ತಿಗೆದಾರನಿಗೆ ಈ ಮಾತು ತಾಗುವುದು ಸುಲಭವಾಗಿ ಕಾಣುತ್ತದೆ. ಸುಲಭವಾಗಿ ಕಾಣದಿರುವುದು, ಪ್ರಾಮಾಣಿಕ ಗ್ರಾಮ ಸಂಘವೊಂದಕ್ಕೂ ಅದು ತಾಗುತ್ತದೆ ಎಂಬುದು. ಆಳ ಕಡಿಮೆಯಿರುವ ಹಳ್ಳಕ್ಕೆ ಅನುದಾನ ಇದೆಯೆಂಬ ಒಂದೇ ಕಾರಣಕ್ಕೆ ಕಾಂಕ್ರೀಟ್ ಗೋಡೆ ಕಟ್ಟುವುದು, ಹುಲ್ಲು ಮತ್ತು ಲಕ್ಕಿಗಿಡದಿಂದಲೇ ನಿಲ್ಲುತ್ತಿದ್ದ ಮಣ್ಣಿಗೆ ಕಲ್ಲು ಹೊದಿಸುವುದು, ಇವುಗಳಲ್ಲಿ ಯಾರೂ ಒಂದು ರೂಪಾಯಿ ಕದಿಯದಿದ್ದರೂ ಬೆಲೆಯ ಅಳತೆ ಮೀರಿರುತ್ತದೆ. ಅಂಥಲ್ಲಿ ಚಂದಯ್ಯನ ಹುಲ್ಲೇ ಬೆಳೆಯಲು ಜಾಗವಿರುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ಪರಿಚಿತವಾದ್ದರಿಂದ ಹೆಚ್ಚು ಹೇಳಬೇಕಿಲ್ಲ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಇಲ್ಲಿ ಸಲ್ಲುವ ಅಂಶ ಒಂದೇ: ಉಳಿದದ್ದನ್ನು ಹಿಂದಿರುಗಿಸುವುದು ಅವಳ ದೃಷ್ಟಿಯಲ್ಲಿ ನಷ್ಟವಲ್ಲ, ಕೆಲಸದ್ದೇ ಕೊನೆಯ ಹಂತ. ಇಂದಿನ ಆಡಳಿತದಲ್ಲಾದರೋ ಹಣ ಹಿಂದಿರುಗಿಸಿದ ಸಂಸ್ಥೆಯನ್ನು ಅದಕ್ಷವೆಂದು ಬಗೆದು ಮುಂದಿನ ವರ್ಷದ ಹಂಚಿಕೆಯನ್ನು ಕಡಿಮೆ ಮಾಡುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಮಾರ್ಚಿನ ಅವಸರಕ್ಕೆ ಮನುಷ್ಯರ ದುರಾಸೆಯಷ್ಟೇ ನಿಯಮದ ಸ್ವಭಾವವೂ ಕಾರಣ. ಲಕ್ಕಮ್ಮನನ್ನು ದಂಡಿಸುವ ವ್ಯವಸ್ಥೆಯೊಂದು ಲಕ್ಕಮ್ಮನ ಜಯಂತಿಯನ್ನು ಆಚರಿಸುವುದು ನಮ್ಮ ಕಾಲದ ಸಣ್ಣ ವ್ಯಂಗ್ಯಗಳಲ್ಲಿ ಒಂದು.

ಇನ್ನು ಭಂಡಾರಿಯ ವಿಷಯ. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವನು, ಎಂದರೆ ಸಂಬಳ ಪಡೆಯುವ ರಾಜಸೇವಕ. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ ಬಸವಪುರಾಣವೇ ಮೊದಲಾದ ಕೃತಿಗಳಲ್ಲಿ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೆಲವರು ದೂರು ಕೊಟ್ಟದ್ದೂ, ಬಸವಣ್ಣ ತಾನೇ ಭಂಡಾರವನ್ನು ತೆರೆಸಿ ಎಣಿಸಲು ಹೇಳಿದ್ದೂ, ಹಣ ಒಂದಿಷ್ಟೂ ಕಡಿಮೆಯಾಗದೆ ಇದ್ದದ್ದೂ ಬರುತ್ತದೆ. ಪುರಾಣಕಾರರಿಗೆ ಇದು ಪವಾಡ. ಪವಾಡದ ಅಂಶವನ್ನು ಬದಿಗಿಟ್ಟರೂ ಒಂದು ಸತ್ಯ ಉಳಿಯುತ್ತದೆ. ಸಾರ್ವಜನಿಕ ಹಣ ಮತ್ತು ಧರ್ಮಕಾರ್ಯದ ಹಣ ಇವೆರಡೂ ಒಬ್ಬನ ಕೈಯಲ್ಲೇ ಓಡಾಡುವಾಗ ಅವನ ಭಕ್ತಿ ಸಾಕ್ಷಿಯಾಗಲಾರದು, ಎಣಿಕೆಯೇ ಸಾಕ್ಷಿಯಾಗಬೇಕು, ಆ ಎಣಿಕೆಯೂ ಎಲ್ಲರ ಕಣ್ಣೆದುರು ನಡೆಯಬೇಕು ಎಂಬುದನ್ನು ಆ ಕಾಲವೂ ಒಪ್ಪಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿದಾಗ ಇದೇ ತತ್ತ್ವ ಕಾನೂನಿನ ಮಾತಿನಲ್ಲಿ ಬಂತು. ಸಭೆಯ ಹಾಜರಿ ಪುಸ್ತಕದಲ್ಲಿ ಸಹಿಗಳು ತುಂಬಿ ಜಗಲಿ ಖಾಲಿಯಿರುವ ಕಡೆ ಅದು ಬರಿ ಕಾಗದವಾಗುತ್ತದೆ, ನಿಜ; ಅಷ್ಟರಿಂದ ತತ್ತ್ವ ಸುಳ್ಳಾಗುವುದಿಲ್ಲ.

ಸರ್ಕಾರದ ಹಣವನ್ನು ಮುಟ್ಟದಿರುವುದೇ ಶ್ರೇಯಸ್ಸೆಂಬ ನಿಲುವೂ ಈ ಜಿಲ್ಲೆಯಲ್ಲಿ ಗೌರವಕ್ಕೆ ಪಾತ್ರವಾದದ್ದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ತಮಗೆ ಘೋಷಣೆಯಾದ ಪದ್ಮಶ್ರೀ ಪ್ರಶಸ್ತಿಯನ್ನು ಸನ್ಯಾಸಿಗೆ ಅದರ ಅಗತ್ಯವಿಲ್ಲವೆಂದು ವಿನಯದಿಂದ ಹಿಂದಿರುಗಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ವಿರಕ್ತನ ನಿರಾಕರಣೆ ಊರಿಗೆ ಮಾದರಿಯಾಗಲಾರದು. ವಿರಕ್ತ ನಿರಾಕರಿಸಿದರೆ ಅವನೊಬ್ಬನ ಬಂಧನ ಹರಿಯುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಸೀಮೆಯ ಊರೊಂದು ಕೆರೆಯ ಹೂಳಿಗೆ ಬಂದ ಹಣವನ್ನು ನಿರಾಕರಿಸಿದರೆ ಮುಂದಿನ ಬೇಸಿಗೆಯಲ್ಲಿ ಕೊಡ ಹೊತ್ತು ನಡೆಯುವವರು ನಿರಾಕರಣೆಯಲ್ಲಿ ಭಾಗಿಗಳಾಗಿರದ ಹೆಂಗಸರು. ಊರಿಗೆ ಉಳಿದಿರುವ ದಾರಿ, ಹಣವನ್ನು ಪಡೆದೂ ಚಂದಯ್ಯನಂತೆ ಅಳತೆಯೊಳಗಿರುವುದು. ಅದು ಸನ್ಯಾಸಕ್ಕಿಂತ ಕಷ್ಟದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಶರಣರ ಮಾತುಗಳನ್ನು ಇಂದಿನ ಸಮಿತಿಗಳಿಗೆ ಹೊಂದಿಸುವಾಗ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಮರೆಯುವುದು ಸುಲಭ. ಮಡಿವಾಳ ಮಾಚಯ್ಯ ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರ ಹಿಪ್ಪರಗಿಯವನು, ಬಟ್ಟೆ ಒಗೆಯುವವನು. ಚೌಡಯ್ಯ ದೋಣಿ ನಡೆಸುವ ಅಂಬಿಗ. ಚಂದಯ್ಯ ಹುಲ್ಲು ಕೊಯ್ಯುವವನು. ಹನ್ನೆರಡನೆಯ ಶತಮಾನದ ಆ ಚಳವಳಿಯಲ್ಲಿ ನೀರಿನ ಅಂಚನ್ನೇ ನಂಬಿ ಬದುಕಿದವರು ಇಷ್ಟು ಜನ ಮಾತಾಡಿದ್ದಾರೆ. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಮುದಾಯ ಆಧಾರಿತ ಕೆರೆ ನಿರ್ವಹಣೆಯ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದಾಗ ಜಮೀನಿಲ್ಲದವರನ್ನೂ ಸೇರಿಸಿಕೊಳ್ಳುವ ಆಶಯವಿತ್ತು. ಆದರೆ ಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಸದಸ್ಯತ್ವಕ್ಕೆ ಅಚ್ಚುಕಟ್ಟಿನ ಜಮೀನೇ ಆಧಾರ. ದಡವು ನೀರಾವರಿಯ ಉಪಾಂಗವೆಂದು ಬಗೆದಾಗ ಒಗೆಯುವವರು, ಮೀನು ಹಿಡಿಯುವವರು, ಕುರಿಗಳಿಗೆ ನೀರು ಕುಡಿಸಲು ಬರುವವರು ಇವರಿಗೆ ದಡದ ಮೇಲಿನ ಹಕ್ಕು ಕಾಗದದಲ್ಲಿ ಕಾಣಿಸುವುದಿಲ್ಲ. ಮರಳಿನ ಟ್ರ್ಯಾಕ್ಟರು ರಾತ್ರಿ 2 ಗಂಟೆಗೆ ಭೀಮೆಗಿಳಿದರೆ ಮೊದಲು ತಿಳಿಯುವುದು ಇವರಿಗೇ. 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟೆಯ ನೀರು ಮತ್ತು ಮಳೆ ಸೇರಿ ಭೀಮೆ ಉಕ್ಕಿದಾಗ ಮೊದಲು ಮುಳುಗಿದ್ದೂ ದಡಕ್ಕೆ ಹತ್ತಿದ ಬದುಕುಗಳೇ. ದಡದ ಅನುದಾನವನ್ನು ನಿರ್ವಹಿಸುವ ಸಂಘದಲ್ಲಿ ಮಾಚಯ್ಯ, ಚಂದಯ್ಯರ ಇಂದಿನ ಕುಲದವರಿಗೆ ಜಾಗವಿಲ್ಲದಿದ್ದರೆ ಅಲ್ಲಿ ಕಾಯಕದ ಮಾತು ಆಡುವುದು ಅಲಂಕಾರಕ್ಕಷ್ಟೇ.

ಅದೇ ಹೊತ್ತಿಗೆ, ದಡದ ರಕ್ಷಣೆಗೆ ಮನಸ್ಸು ಮಾಡಿದರೆ ಹಣವೂ ಜಾಣ್ಮೆಯೂ ಸಿಗುತ್ತವೆ ಎಂಬುದಕ್ಕೆ ಕೂಡಲಸಂಗಮವೇ ಸಾಕ್ಷಿ. ನಾರಾಯಣಪುರದ ಹಿನ್ನೀರು ಬಸವಣ್ಣನ ಐಕ್ಯಸ್ಥಳವನ್ನು ಮುಳುಗಿಸದಂತೆ ಸುತ್ತಲೂ ಬಾವಿಯ ಆಕಾರದ ಕಟ್ಟಡ ಎಬ್ಬಿಸಿ, ಭಕ್ತರು ಮೆಟ್ಟಿಲಿಳಿದು ಹೋಗಿ ನೋಡುವಂತೆ ಮಾಡಲಾಗಿದೆ. ಸ್ಥಾವರದ ಬಗ್ಗೆ, ಎಂದರೆ ಕಟ್ಟಿ ನಿಲ್ಲಿಸಿದ್ದರ ಬಗ್ಗೆ ಅಷ್ಟು ಅನುಮಾನವಿದ್ದವನ ಐಕ್ಯಸ್ಥಳವನ್ನು ಇಷ್ಟು ಶ್ರಮದಿಂದ ಉಳಿಸಿದ ನಾಡು, ಅದೇ ಹಿನ್ನೀರಿನ ಆಚೆಬದಿಯ ಮುದ್ದೇಬಿಹಾಳದ ಊರುಗಳ ದಡಕ್ಕೆ ಅಷ್ಟೇ ಗಮನ ಕೊಡಬಾರದೇಕೆ ಎಂದು ಕೇಳುವುದು ಅನುಚಿತವಾಗದು.

ಕೊನೆಯದಾಗಿ ಎಲ್ಲಕ್ಕಿಂತ ಕಠಿಣವಾದ ಪ್ರಕರಣ, ಹಿನ್ನೀರು ಸರಿದ ಭೂಮಿಯದು. ಆಲಮಟ್ಟಿಯಲ್ಲಿ ನೀರಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಆ ಮಟ್ಟದಲ್ಲಿ ಜಲಾಶಯ 123 ಟಿಎಂಸಿಯಷ್ಟು ನೀರು ಹಿಡಿಯುತ್ತದೆ. ಬೇಸಿಗೆಗೆ ನೀರು ಇಳಿದಂತೆ ಹೂಳಿನಿಂದ ಕೊಬ್ಬಿದ ನೆಲ ಹೊರಬರುತ್ತದೆ, ಹಿಂದೆ ಆ ಹೊಲಗಳ ಒಡೆಯರಾಗಿದ್ದವರು ಕೆಲವೆಡೆ ಮತ್ತೆ ಬಿತ್ತುತ್ತಾರೆ. ಪರಿಹಾರ ಪಡೆದು ಬಿಟ್ಟುಕೊಟ್ಟ ಭೂಮಿಯಿದು, ಕಾನೂನಿನ ಪ್ರಕಾರ ಸರ್ಕಾರದ್ದು. ಲಕ್ಕಮ್ಮನ ಅಳತೆಯನ್ನು ಬಿರುಸಾಗಿ ಹಿಡಿದರೆ, ಬೆಲೆ ಪಡೆದ ಮೇಲೂ ಬೆಳೆ ಪಡೆಯುವುದು ಹೆಚ್ಚಿನ ಅಕ್ಕಿಯೇ. ಆದರೆ ಹಾಗೆ ತೀರ್ಪು ಕೊಡುವುದು ಅವಸರವಾದೀತು. ಸರ್ಕಾರ ಆ ನೆಲವನ್ನು ಪಡೆದದ್ದು ನೀರಿಗಾಗಿ. ನೀರಿಲ್ಲದ ತಿಂಗಳುಗಳಲ್ಲಿ ಅದು ಧರ್ಮದರ್ಶಿಯೇ ಹೊರತು ಉಣ್ಣುವ ಒಡೆಯನಲ್ಲ, ಬಿದ್ದಿರುವ ನೆಲದಲ್ಲಿ ದುಡಿಯುವವನು ಯಾರ ಪಾಲನ್ನೂ ಕಸಿಯುತ್ತಿಲ್ಲ. ಅವನ ಹಕ್ಕನ್ನು ನಿರ್ಧರಿಸಬೇಕಾದದ್ದು ಅವನು ಮಾಡುವ ಪಾಲನೆ: ಗೊಬ್ಬರ, ಕೀಟನಾಶಕಗಳನ್ನು ಸುರಿದು ಮುಂದಿನ ಮಳೆಗೆ ಅವೆಲ್ಲ ಕುಡಿಯುವ ನೀರಿಗೆ ಬೆರೆಯುವಂತೆ ಮಾಡುತ್ತಾನೋ, ನೀರಂಚಿಗೆ ಹುಲ್ಲಿನ ಪಟ್ಟಿ ಬಿಟ್ಟು ಉಳುತ್ತಾನೋ ಎಂಬುದು. ಇಂಥ ಪಟ್ಟಿಯನ್ನು ಕಾಯುವವನಿಗೆ ವರ್ಷವರ್ಷ ಸಣ್ಣ ಮೊತ್ತ ಕೊಡುವ ಅನುದಾನವಿದ್ದರೆ ಅದು ಸಾಲೋಟಗಿಯ ದೀಪದ ಭೂಮಿಗೆ ಹತ್ತಿರವಾಗುತ್ತದೆ, ಗೋಡೆಯ ಗುತ್ತಿಗೆಗಿಂತ ಅಗ್ಗವೂ ಆಗುತ್ತದೆ.

ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಅದು ಜಾರಿಯಾದ ದಿನ ಇಂದಿನ ದಡ ನೀರಿನಡಿ ಹೋಗಿ, ಈಗ ಜೋಳ ನಿಂತಿರುವ ಕಡೆ ಹೊಸ ದಡ ಏಳುತ್ತದೆ. ಭೂಸ್ವಾಧೀನ, ಪುನರ್ವಸತಿ, ಕಾಲುವೆ ಇವುಗಳ ಲೆಕ್ಕ ದೊಡ್ಡ ಮೊತ್ತಗಳಲ್ಲಿ ಚರ್ಚೆಯಾಗುತ್ತಿದೆ. ಆ ಹೊಸ ದಡವನ್ನು ಯಾರು, ಯಾವ ಹಣದಿಂದ, ಎಷ್ಟು ಕಾಲ ಕಾಯಬೇಕೆಂಬುದನ್ನು ನೀರು ಬರುವ ಮೊದಲೇ ಆ ಲೆಕ್ಕದೊಳಗೆ ಬರೆಯಲು ಇನ್ನೂ ಅವಕಾಶವಿದೆ.